ಮನೆಯಲ್ಲಿ ಕರೆಯದ ಹೆಸರು

ನಿಧನದ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ ಸಿಗುವುದು ಕೆಲವೇ ಸಾಲು. ವಯಸ್ಸು, ಊರು, ಹುದ್ದೆ, ಮನೆಯಲ್ಲಿ ಯಾರಿದ್ದಾರೆ, ಅಂತ್ಯಕ್ರಿಯೆ ಎಲ್ಲಿ. ಚಿಂತಾಮಣಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಮೇಡಂ ತೀರಿಕೊಂಡ ದಿನ ಆ ಸಾಲುಗಳನ್ನು ನಾನೇ ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಡೆಸ್ಕಿನಿಂದ ಉಪಸಂಪಾದಕಿ ಫೋನ್ ಮಾಡಿದಳು.

"ಸರ್, ಪ್ರಾಧ್ಯಾಪಕಿ ಅಂತ ಹಾಕಿದೀರ. ಹಿನ್ನೆಲೆ ಇಲ್ಲ. ಸಂಶೋಧನಾ ಆಸಕ್ತಿ ಏನಿತ್ತು ಅಂತ ಒಂದು ಸಾಲು ಸೇರಿಸ್ಲಾ?"

"ಹೆಸರುಗಳು ಅಂತ ಹಾಕಮ್ಮ."

"ಯಾರ ಹೆಸರುಗಳು?"

"ಜನರ ಹೆಸರುಗಳು."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. "ಓದೋರಿಗೆ ಅರ್ಥ ಆಗಲ್ಲ ಸರ್. ಗ್ರಾಮೀಣ ಮನಃಶಾಸ್ತ್ರ ಅಂತ ಹಾಕ್ತೀನಿ," ಅಂದಳು. ಹಾಗೆಯೇ ಅಚ್ಚಾಯಿತು. ತಪ್ಪಲ್ಲ, ಆದರೆ ಸರಿಯೂ ಅಲ್ಲ. ಆ ಒಂದು ಸಾಲಿನಲ್ಲಿ ಹಿಡಿಯದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೇಡಂ ಹೆಸರನ್ನು ಈ ಬರಹದಲ್ಲಿ ಹೇಳುವುದಿಲ್ಲ. ಅದು ಪತ್ರಿಕೆಯಲ್ಲಿ ಬಂದಿದೆ, ಕಾಲೇಜಿನ ಫಲಕದ ಮೇಲೂ ಇದೆ, ಗುಟ್ಟೇನಲ್ಲ. ಆದರೂ ಇಲ್ಲಿ ಬೇಡ.

ನಾನು ಅವರನ್ನು ಮೊದಲು ನೋಡಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಪರೀಕ್ಷೆ ಹತ್ತಿರ ಬಂದರೆ ಜಿಲ್ಲೆಯ ಪ್ರತಿ ವರದಿಗಾರನಿಗೂ ಒಬ್ಬ ಮನಃಶಾಸ್ತ್ರಜ್ಞರು ಬೇಕಾಗುತ್ತಾರೆ. 'ಪರೀಕ್ಷಾ ಭಯ ಬೇಡ' ಎಂಬ ತಲೆಬರಹ ಮೊದಲೇ ಸಿದ್ಧವಿರುತ್ತದೆ, ಕೆಳಗೆ ಹಾಕಲು ತಜ್ಞರ ಮಾತು ಸಾಕು. ಹಾಗೆ ಹುಡುಕಿಕೊಂಡು ಹೋದಾಗ ಅವರು ವಿಭಾಗದ ಕೋಣೆಯಲ್ಲಿ ಒಬ್ಬರೇ ಕೂತು ಸ್ಟೀಲ್ ಡಬ್ಬಿಯಿಂದ ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದರು. ಸಣ್ಣ ಮೈಕಟ್ಟು, ಖಾದಿ ಸೀರೆ, ಎಡಗೈಗೆ ಗಂಡಸರ ದೊಡ್ಡ ಗಡಿಯಾರ. ಅದು ಅವರ ತಂದೆಯದೆಂದು ಆಮೇಲೆ ಗೊತ್ತಾಯಿತು.

ಬಂದ ಕೆಲಸ ಹೇಳಿದೆ. "ಕೂತ್ಕೊಳ್ಳಿ, ಕಡಲೆಕಾಯಿ ತಗೊಳ್ಳಿ. ಪರೀಕ್ಷೆ ಭಯದ ಬಗ್ಗೆ ನನಗೇನೂ ಗೊತ್ತಿಲ್ಲ," ಅಂದರು.

"ನೀವು ಮನಃಶಾಸ್ತ್ರದವರಲ್ವಾ ಮೇಡಂ?"

"ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಮಂಡಿನೋವು ಅಂತೀರಾ? ನಾನು ಓದಿರೋದು ಬೇರೆ."

ಏನು ಓದಿದ್ದು ಎಂದು ನಾನು ಕೇಳುವ ಮೊದಲೇ ಅವರು ಕೇಳಿದರು: "ನಿಮ್ಮ ಹೆಸರು ಯಾರಿಟ್ಟಿದ್ದು?"

ನನ್ನದು ತಾತನ ಹೆಸರು. ನಾನು ಹುಟ್ಟುವ ಮೊದಲೇ ತಾತ ಹೋಗಿದ್ದರು. ಅದನ್ನು ಹೇಳಿದೆ.

"ಅಜ್ಜಿ ಇದ್ರಾ?"

"ಇದ್ರು."

"ಹಂಗಾದ್ರೆ ಅಜ್ಜಿ ನಿಮ್ಮನ್ನ ಏನಂತ ಕರೀತಿದ್ರು? ಗಂಡನ ಹೆಸರು ಬಾಯಲ್ಲಿ ಹೇಳ್ತಿರಲಿಲ್ಲವಲ್ಲ."

ಅಷ್ಟು ವರ್ಷ ಯೋಚಿಸದ ವಿಷಯ. ಅಜ್ಜಿ ನನ್ನನ್ನು 'ಯಜಮಾನಪ್ಪ' ಎಂದು ಕರೆಯುತ್ತಿದ್ದಳು. ಗೋಲಿ ಆಡುವ ವಯಸ್ಸಿನಲ್ಲಿ ಓಣಿಯವರೆಲ್ಲ ಅದೇ ಹೆಸರು ಹಿಡಿದು ರೇಗಿಸುತ್ತಿದ್ದರು. ಅದು ಮುದ್ದು ಎಂದುಕೊಂಡಿದ್ದೆ. ಅಜ್ಜಿಗೆ ಬೇರೆ ದಾರಿ ಇರಲಿಲ್ಲ ಎಂದು ಅವತ್ತು ಆ ಕೋಣೆಯಲ್ಲಿ ತಿಳಿಯಿತು. ಪ್ರಶ್ನೆ ಕೇಳಲು ಹೋದವನು ಉತ್ತರ ಕೊಟ್ಟು ವಾಪಸ್ ಬಂದೆ. ಪರೀಕ್ಷಾ ಭಯಕ್ಕೆ ಚಿಕ್ಕಬಳ್ಳಾಪುರದ ಇನ್ನೊಬ್ಬ ತಜ್ಞರು ಸಿಕ್ಕರು.

ಅವರ ಸಂಶೋಧನೆ ಏನೆಂದು ಸರಳವಾಗಿ ಹೇಳಿಬಿಡುತ್ತೇನೆ. ನಮ್ಮ ಕಡೆ ಕೂಸುಗಳು ಉಳಿಯದ ಮನೆಗಳಲ್ಲಿ ಮುಂದಿನ ಮಗುವಿಗೆ ಬೇಕೆಂದೇ ಕೀಳು ಹೆಸರಿಡುವ ರೂಢಿಯಿತ್ತು. ಸಾವು ಅಸಹ್ಯಪಟ್ಟುಕೊಂಡು ಬಿಟ್ಟುಹೋಗಲಿ ಎಂದು. ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಎನ್ನುವರು. ಆಂಧ್ರದ ಅಂಚಿನ ಊರುಗಳಲ್ಲಿ ಅದೇ ತಿಪ್ಪೆ ತೆಲುಗಿನಲ್ಲಿ ಪೆಂಟಯ್ಯ ಆಗುತ್ತದೆ. ಇನ್ನು ಕೆಲವು ಮನೆಗಳಲ್ಲಿ ಸತ್ತ ಮಗುವಿನ ಹೆಸರನ್ನೇ ಆಮೇಲೆ ಹುಟ್ಟಿದ್ದಕ್ಕೆ ಇಡುತ್ತಾರೆ, ಹೋದದ್ದೇ ತಿರುಗಿ ಬಂತೆಂದು. ಇಂಥ ಹೆಸರು ಹೊತ್ತು ಬೆಳೆದವರ ಒಳಗೆ ಏನಾಗುತ್ತದೆ? ತಾನು ತಾನಾಗಿ ಹುಟ್ಟಿದೆನೋ, ಇನ್ನೊಬ್ಬರ ಜಾಗಕ್ಕೆ ಬಂದೆನೋ ಎಂಬ ಅನುಮಾನ ಉಳಿಯುತ್ತದೆಯೆ? ಇದನ್ನೇ ಅವರು ಜಿಲ್ಲೆಯ ತಾಲ್ಲೂಕುಗಳನ್ನೆಲ್ಲ ಸುತ್ತಿ ಕೇಳುತ್ತಿದ್ದರು.

ಒಮ್ಮೆ ನಾನೂ ಜೊತೆಗೆ ಹೋದೆ. ತೊಂಡೇಬಾವಿಯ ರೈಲು ನಿಲ್ದಾಣದ ಹೊರಗೆ ಟೀ ಅಂಗಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರನ್ನು ನೋಡಲು. ಅವರ ಹೆಸರು ತೌಡಪ್ಪ.

"ನಮ್ಮವ್ವ ನನ್ನ ಪಕ್ಕದ ಮನೆಗೆ ಮಾರಿದ್ಲಂತೆ ಮೇಡಂ," ಅಂದರು ತೌಡಪ್ಪ, ಲೋಟ ತೊಳೆಯುತ್ತ. "ಆಮೇಲೆ ಒಂದು ಮೊರ ತೌಡು ಕೊಟ್ಟು ವಾಪಸ್ ತಗಂಡ್ಲಂತೆ. ತೌಡು ಕೊಟ್ಟು ತಂದಿದ್ದು, ಇದಕ್ಕೇನು ಬೆಲೆ ಅಂತ ಯಮ ಬಿಟ್ಟೋಗ್ಬೇಕಲ್ಲ."

"ಬಿಟ್ಟೋದ್ನಲ್ಲ," ಅಂದರು ಮೇಡಂ.

"ಬಿಟ್ಟ. ಮೇಷ್ಟ್ರು ಬಿಡ್ಲಿಲ್ಲ. ಹಾಜರಿ ಕೂಗ್ದಾಗೆಲ್ಲ ಕ್ಲಾಸೇ ನಗೋದು. ಅವ್ವನ್ನ ಬಯ್ತಿದ್ದೆ, ಬೇರೆ ಹೆಸರು ಸಿಗ್ಲಿಲ್ವಾ ನಿಂಗೆ ಅಂತ. ಅವ್ಳು ನಗ್ತಾ ಬಯ್ಯಪ್ಪ, ಬಯ್ಯಕ್ಕೆ ನೀನಾದ್ರೂ ಇದೀಯಲ್ಲ ಅನ್ನೋಳು."

ಹಿಂದೆ ನಿಂತಿದ್ದ ಗಿರಾಕಿಯೊಬ್ಬ, "ಮೇಡಂ, ಇವನ ಟೀನೂ ತೌಡೇ," ಅಂದ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ರೈಲಿನಲ್ಲಿ ವಾಪಸ್ ಬರುವಾಗ ಮಾತ್ರ, "ಅವನು ಬೈದ, ಅವರವ್ವ ಕಾರಣ ಹೇಳಿದ್ರು. ಅದೃಷ್ಟವಂತ ಕಣ್ರೀ," ಅಂದರು.

ಅವರು ಯಾರನ್ನೂ ಎದುರಿಗೆ ಕೂರಿಸಿಕೊಂಡು ಕೇಳುತ್ತಿರಲಿಲ್ಲ. ರೇಷ್ಮೆಹುಳು ಸಾಕುವ ಮನೆಗೆ ಹೋದರೆ ಮೊದಲು ಸೆರಗು ಸಿಕ್ಕಿಸಿ ಗೂಡು ಬಿಡಿಸಲು ಕೂರುವರು. ಗೂಡು ಬಿಡಿಸುವ ಕೈ ನಿಲ್ಲುವುದಿಲ್ಲ, ಕಣ್ಣು ಎತ್ತಿ ನೋಡಬೇಕಾಗಿಲ್ಲ. ಹೆಂಗಸರು ಅದೇ ಹೊತ್ತಿನಲ್ಲಿ ಬಾಯಿ ಬಿಡುತ್ತಾರೆ ಎನ್ನುತ್ತಿದ್ದರು. ಕನ್ನಡದಲ್ಲಿ ಶುರುವಾದ ಮಾತು ಹೋದ ಮಗುವಿನ ಹತ್ತಿರ ಬಂದ ಕೂಡಲೆ ಎಷ್ಟೋ ಮನೆಗಳಲ್ಲಿ ತೆಲುಗಿಗೆ ಹೊರಳುತ್ತಿತ್ತು. ಅವರೂ ಸದ್ದಿಲ್ಲದೆ ಜೊತೆಗೆ ಹೊರಳುವರು. 'ಯಾಕೆ' ಎಂಬ ಪದವನ್ನು ಬಳಸುತ್ತಿರಲಿಲ್ಲ. "ಯಾಕೆ ಅಂದ್ರೆ ಜನ ಕಟಕಟೇಲಿ ನಿಂತಂಗೆ ಆಗ್ತಾರೆ. ನಿಮ್ಮ ರಿಪೋರ್ಟರ್‌ಗಳ ರೋಗ ಅದು."

ಹೊಸ ತರಗತಿಯ ಮೊದಲ ದಿನ ಪಾಠ ಇರುತ್ತಿರಲಿಲ್ಲ. ಪ್ರತಿಯೊಬ್ಬರೂ ಎದ್ದು ತಮ್ಮ ಹೆಸರಿನ ಕತೆ ಹೇಳಬೇಕು. ಒಂದು ವರ್ಷ ಒಬ್ಬ ಹುಡುಗಿ, "ಗೂಗಲ್ ನೋಡಿ ಇಟ್ರಂತೆ ಮೇಡಂ. ಅಪ್ಪಂಗೆ ಮೂರನೇ ಪೇಜ್‌ವರೆಗೂ ಹೋಗೋ ತಾಳ್ಮೆ ಇರಲಿಲ್ವಂತೆ, ಅದಕ್ಕೇ ನಮ್ಮ ಕ್ಲಾಸಲ್ಲಿ ನನ್ನ ಹೆಸರಿನೋರೇ ನಾಕು ಜನ," ಅಂದಳಂತೆ. ಈ ಕತೆಯನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಹೇಳಿದಾಗಲೆಲ್ಲ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು.

ಮಕ್ಕಳಲ್ಲಿ ಯಾರಾದರೂ ತಿರುಗಿ "ನಿಮ್ಮ ಹೆಸರಿನ ಕತೆ ಹೇಳಿ ಮೇಡಂ" ಎಂದರೆ ಮಾತ್ರ, "ಅದು ಸಿಲಬಸ್‌ನಲ್ಲಿ ಇಲ್ಲಪ್ಪ," ಎಂದು ಹಾಜರಿ ಪುಸ್ತಕ ಮುಚ್ಚುವರು.

ಹಿನ್ನೆಲೆ ಎಂದರೆ ಇಷ್ಟು. ದಿಬ್ಬೂರಹಳ್ಳಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿ. ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯೌವನದಲ್ಲೇ ಬೌದ್ಧ ಧರ್ಮಕ್ಕೆ ಬಂದವರು. ಮನೆಯಲ್ಲಿ ಬುದ್ಧನ ಪಟದ ಎದುರು ಮೇಣದ ಬತ್ತಿ ಹಚ್ಚುವುದು ಬಿಟ್ಟರೆ ಬೇರೆ ಪೂಜೆಯಿಲ್ಲ, ಶಕುನವಿಲ್ಲ, ದೃಷ್ಟಿ ತೆಗೆಯುವುದಿಲ್ಲ. ತಾಯಿ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ ಬಿಸಿನೀರಿನ ಬೋಗುಣಿಗೆ ಕೈ ಹಾಕಿ ದುಡಿದವರು. ಮಗಳು ಮೈಸೂರಿಗೆ ಹೋಗಿ ಓದಿ ಬಂದರು, ಮದುವೆಯಾಗಲಿಲ್ಲ, ಚಿಂತಾಮಣಿಯಲ್ಲಿ ಬಾಡಿಗೆ ಮನೆ ಮಾಡಿದರು. ಶನಿವಾರ ಮಧ್ಯಾಹ್ನ ಕಾಲೇಜು ಮುಗಿದ ಮೇಲೆ ಊರಿನ ಬಸ್ಸು. ತಂದೆ ಹೋದ ಮೇಲೂ ಆ ಬಸ್ಸು ತಪ್ಪಲಿಲ್ಲ. ಅಲ್ಲಿ ತಾಯಿ, ತಮ್ಮ, ತಮ್ಮನ ಹೆಂಡತಿ, ಅವರ ಮಕ್ಕಳು ಇದ್ದರು.

ಅವರು ಸಂಶೋಧನೆಗೆ ಸೇರಿದ ಕಾಲದಲ್ಲಿ ಮಾರ್ಗದರ್ಶಕರು ಒಂದು ಮಾತು ಹೇಳಿದ್ದರಂತೆ: "ನಿಮ್ಮ ಕಡೆಯಿಂದ ಬರೋರೆಲ್ಲ ನಿಮ್ಮ ಮನೆ ದುಃಖವನ್ನೇ ಪ್ರಬಂಧ ಅಂತ ತರ್ತೀರ. ಅದು ಬೇಡ." ಕೆಟ್ಟ ಮನುಷ್ಯರೇನಲ್ಲ, ಒಳ್ಳೆಯದಕ್ಕೇ ಹೇಳಿದರು ಎಂದು ಮೇಡಂ ಸೇರಿಸುತ್ತಿದ್ದರು. ಆದರೆ ಆ ಮಾತು ಒಳಗೆ ಕೂತುಬಿಟ್ಟಿತು. "ಬೇರೆಯವರು ತಮ್ಮ ತಾತನ ಮನೆ ಬಗ್ಗೆ ಬರೆದ್ರೆ ಸಮಾಜಶಾಸ್ತ್ರ. ನಾವು ಬರೆದ್ರೆ ಅಳು," ಎಂದರು ಒಮ್ಮೆ, ಕೋಪವಿಲ್ಲದೆ, ಬಸ್ ಎಷ್ಟು ಹೊತ್ತಿಗೆ ಎಂದು ಹೇಳುವ ದನಿಯಲ್ಲಿ. ಅಂದಿನಿಂದ ತಾವೇ ಒಂದು ನಿಯಮ ಹಾಕಿಕೊಂಡರು. ಸಂಶೋಧನೆಯ ಪ್ರಶ್ನೆಯನ್ನು ಸ್ವಂತ ಮನೆಯಲ್ಲಿ ಯಾರನ್ನೂ ಕೇಳಬಾರದು.

ಆ ನಿಯಮದ ಬೆಲೆ ನನಗೆ ತಿಳಿದದ್ದು ಬೆಟ್ಟದ ಬುಡದ ಕಳವಾರದಲ್ಲಿ. ಸ್ಕಂದಗಿರಿ ಹತ್ತುವವರ ಗಲಾಟೆ ಹೆಚ್ಚಾಗಿದೆ, ಕಾರು ನಿಲ್ಲಿಸಲು ಜಾಗವಿಲ್ಲ, ಊರಿನವರು ರೇಗುತ್ತಿದ್ದಾರೆ ಎಂದು ವರದಿಗೆ ಹೋಗಿದ್ದೆ. ಮೇಡಂ ವಿದ್ಯಾರ್ಥಿಗಳನ್ನು ಬೆಟ್ಟ ಹತ್ತಿಸಲು ಕರೆದುಕೊಂಡು ಬಂದು, ತಾವು ಮಾತ್ರ ಕೆಳಗೆ ಹುಣಸೆ ಮರದ ನೆರಳಲ್ಲಿ ಚಪ್ಪಲಿ ಬಿಟ್ಟು ಕೂತಿದ್ದರು. ಆ ಹೊತ್ತಿಗೆ ಹೆಸರುಗಳ ಮೇಲಿನ ಅವರ ಪುಸ್ತಕ ಬಂದು ಕೆಲವು ತಿಂಗಳಾಗಿತ್ತು. ಸಣ್ಣ ಪ್ರಕಾಶನ, ಮಾರಾಟ ಅಷ್ಟಕ್ಕಷ್ಟೆ. ನಾನು ಓದಿದ್ದೆ.

"ಕೊನೇ ಅಧ್ಯಾಯದ ಹೆಂಗಸು ಯಾವೂರು ಮೇಡಂ?" ಎಂದೆ. "ಉಳಿದೋರ ಬಗ್ಗೆ ಪುಟಗಟ್ಟಲೆ ಬರೆದಿದೀರ. ಆಕೆ ಬಗ್ಗೆ ಒಂದೇ ಪುಟ."

"ಸಿಕ್ಕಿದ್ದು ಅಷ್ಟೇ."

"ಇನ್ನೊಂದು ಸಲ ಹೋಗಿ ಕೇಳಬಹುದಿತ್ತು."

ಅವರು ಬೆಟ್ಟದ ಕಡೆ ನೋಡಿದರು. "ಅದು ನಾನೇ ಕಣ್ರೀ," ಅಂದರು.

ಆಮೇಲೆ, ಇನ್ನೊಬ್ಬರ ವಿಷಯ ಹೇಳುವ ಹಾಗೆ ಹೇಳಿದರು. ಅವರಿಗಿಂತ ಮೊದಲು ಒಬ್ಬ ಅಕ್ಕ ಹುಟ್ಟಿದ್ದಳು. ನಡೆಯಲು, ಮಾತಾಡಲು ಕಲಿತ ಮೇಲೆ ಜ್ವರ ಬಂದು ಹೋದಳು. ಮುಂದಿನ ವರ್ಷ ಇವರು ಹುಟ್ಟಿದಾಗ ತಂದೆ ಅದೇ ಹೆಸರಿಟ್ಟರು. ನಂಬಿಕೆಯಿಂದಲ್ಲ, ಅವರು ಅಂಥದ್ದನ್ನೆಲ್ಲ ಬಿಟ್ಟವರು. ಬುದ್ಧನ ಕತೆಯಲ್ಲಿ ಬರುವ ಹೆಸರದು, ಯಾವುದೋ ಸಭೆಯಲ್ಲಿ ಕೇಳಿ ಮೆಚ್ಚಿ, ಮದುವೆಗೂ ಮುಂಚೆಯೇ ಮಗಳಿಗೆಂದು ಎತ್ತಿಟ್ಟುಕೊಂಡಿದ್ದರು. ಒಳ್ಳೆಯ ಹೆಸರು ಮಣ್ಣುಪಾಲಾಗಬಾರದು ಅಂದರಂತೆ. ಇದನ್ನು ಹೇಳಿದ್ದು ಸೋದರತ್ತೆ, ಇವರು ಹೈಸ್ಕೂಲಿನಲ್ಲಿದ್ದಾಗ. ಅಪ್ಪ ಅಮ್ಮ ಆ ಮಗುವಿನ ಮಾತನ್ನು ಯಾವತ್ತೂ ಎತ್ತಲಿಲ್ಲ.

"ಅಪ್ಪ ಹೆಸರು ಹಿಡಿದು ಕರೀತಿದ್ರು. ತಮ್ಮನೂ ಹಂಗೇ ಕರೀತಾನೆ. ಅಮ್ಮ ಒಂದು ಸಲವೂ ಕರೆದಿಲ್ಲ. ಒಂದು ಸಲವೂ. ಪಾಪ ಅಂತಾಳೆ, ಕೂಸು ಅಂತ. ಐವತ್ತು ದಾಟಿದ ಮೇಲೂ ಪಾಪ. ಆ ಹೆಸರು ಅಕ್ಕಂದು, ನಾನು ಅದರಲ್ಲಿ ಬಾಡಿಗೆಗಿದೀನಿ ಅನ್ಸುತ್ತೆ."

"ಅಮ್ಮನ್ನೇ ಕೇಳಿಬಿಡಿ ಮೇಡಂ."

"ಕೇಳಿದ ತಕ್ಷಣ ಅವಳು ಅಮ್ಮ ಆಗಿರಲ್ಲ, ಮಾಹಿತಿ ಕೊಡೋಳು ಆಗ್ತಾಳೆ. ನನ್ನ ಮೂವತ್ತು ವರ್ಷದ ಕೆಲಸವೆಲ್ಲ ಇದೊಂದು ಪ್ರಶ್ನೆ ಕೇಳಕ್ಕೆ ಅಂತ ಅವಳಿಗೆ ಅನ್ಸಬಾರದು." ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದ ಹತ್ತಿರ ಎಳೆದುಕೊಂಡು ಹೇಳಿದರು, "ಅದು ನಿಜವೇ ಆಗಿದ್ರೂ."

ಬೆಟ್ಟದಿಂದ ಮೊದಲ ಹುಡುಗರು ಇಳಿದು ಬಂದರು. ಮೇಡಂ ಎದ್ದು ಚಪ್ಪಲಿ ಮೆಟ್ಟಿಕೊಂಡು, ಯಾರು ಯಾರು ಇನ್ನೂ ಬರಬೇಕು ಎಂದು ಗದರಲು ಶುರು ಮಾಡಿದರು.

ಅದಾದ ಮೇಲೆ ನಾನು ಅವರ ಊರಿಗೆ ಹೋದದ್ದು ಒಂದು ಭಾನುವಾರ. ಆ ಭಾಗದ ಹಿಪ್ಪುನೇರಳೆ ತೋಟಗಳಿಗೆ ಬಂದಿದ್ದ ರೋಗದ ಬಗ್ಗೆ ವರದಿ ಮಾಡಬೇಕಿತ್ತು, ಊಟಕ್ಕೆ ಬನ್ನಿ ಎಂದಿದ್ದರು. ಬಾಗಿಲಲ್ಲೇ ತಾಯಿ ಕೂತಿದ್ದರು. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಗಳು ಬಿಳಚಿಕೊಂಡು ನುಣ್ಣಗಾಗಿದ್ದವು. ಒಳಗಿದ್ದ ಮಗಳನ್ನು "ಏಯ್ ಪಾಪ, ನಿಮ್ ಪೇಪರ್ನೋರು ಬಂದವ್ರೆ ನೋಡು," ಎಂದು ಕೂಗಿದರು. ತಲೆ ಅರ್ಧ ನೆರೆತ ಪ್ರಾಧ್ಯಾಪಕಿ "ಬಂದೆ ಕಣಮ್ಮ," ಎಂದು ಹೊರಗೆ ಬಂದರು.

ಮುದ್ದೆ, ಅವರೆಕಾಳಿನ ಸಾರು. ಊಟದ ನಡುವೆ ತಾಯಿ ನನ್ನನ್ನು ಕೇಳಿದರು: "ಏನಪ್ಪ, ನೀನೂ ಇವಳಂಗೇ ಹೆಸ್ರು ಕೇಳ್ಕೊಂಡು ತಿರುಗ್ತೀಯಾ?"

"ಇಲ್ಲಮ್ಮ, ನಾನು ಸುದ್ದಿ ಕೇಳ್ಕೊಂಡು ತಿರುಗ್ತೀನಿ."

"ಇವಳ್ಗೆ ಊರೋರ ಮನೆ ಕತೆಯೆಲ್ಲ ಬೇಕು. ಯಾವ ಮಗು ಎಂಗೆ ಹೋಯ್ತು, ಯಾರ್ಗೆ ಯಾವ ಹೆಸ್ರಿಟ್ರು. ನಮ್ಮನೇಲೇನು ಕತೆ ಇಲ್ವಾ? ಇಲ್ಲಿ ಬಂದ್ರೆ ಬಾಯಿ ಹೊಲ್ಕೊಂಡು ಉಣ್ತಾಳೆ."

"ಸಾರಿಗೆ ಉಪ್ಪು ಕಮ್ಮಿ ಆಗೈತೆ ಅಂತ ಹೇಳಿದ್ನಲ್ಲ, ಅದು ಮಾತಲ್ವಾ?" ಅಂದರು ಮೇಡಂ.

"ನಿಂಗೆ ಉಪ್ಪು ಕಮ್ಮಿ, ನಾಲ್ಗೆ ಜಾಸ್ತಿ," ಎಂದು ತಾಯಿ ಇನ್ನೊಂದು ಸೌಟು ಸಾರು ಬಿಟ್ಟರು. ಎಲ್ಲರೂ ನಕ್ಕರು.

ಬಸ್ ನಿಲ್ದಾಣಕ್ಕೆ ಬರುವಾಗ ನಾನು ಹೇಳಿದೆ: "ಮೇಡಂ, ಕೇಳು ಅಂತಲೇ ಹೇಳಿದ ಹಂಗಿತ್ತು."

"ನಿಮಗೆ ಹಂಗನ್ಸಿತು. ಅನ್ಸಿದ್ದು ಸಾಕ್ಷಿ ಆಗಲ್ಲ." ಸ್ವಲ್ಪ ದೂರ ನಡೆದ ಮೇಲೆ ಅವರೇ ಹೇಳಿದರು: "ನಿವೃತ್ತಿ ಆಗ್ಲಿ. ಆಗ ನಾನು ಸಂಶೋಧಕಿ ಅಲ್ಲವಲ್ಲ. ಗೂಡು ಬಿಡಿಸ್ತಾ ಪಕ್ಕದಲ್ಲಿ ಕೂತು ಕೇಳ್ತೀನಿ. ಮಗಳಾಗಿ."

ನಿವೃತ್ತಿ ಹತ್ತಿರವೇ ಇತ್ತು. ಕಾಯಿಲೆ ಅದಕ್ಕಿಂತ ಮುಂಚೆ ಬಂತು. ರಕ್ತದ್ದು, ಗೊತ್ತಾಗುವ ಹೊತ್ತಿಗೆ ಬಹಳ ಮುಂದೆ ಹೋಗಿತ್ತು. ಬೆಂಗಳೂರಿನ ಆಸ್ಪತ್ರೆಗೂ ಚಿಂತಾಮಣಿಯ ಮನೆಗೂ ಓಡಾಟ. ತಾಯಿ ಊರು ಬಿಟ್ಟು ಬಂದು ಮಗಳ ಮನೆಯಲ್ಲೇ ಉಳಿದರು. ನಾನು ಹೋದಾಗ ಮೇಡಂ ದಿಂಬಿಗೆ ಒರಗಿ ಕೂತಿದ್ದರು. ತಂದೆಯ ಗಡಿಯಾರ ಮಣಿಕಟ್ಟಿನಿಂದ ಜಾರುತ್ತದೆಂದು ಬಿಚ್ಚಿ ಕಿಟಕಿಯಲ್ಲಿಟ್ಟಿದ್ದರು. ತಾಯಿ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದ ಸದ್ದು ಕೇಳುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವರು ಅರ್ಥ ಮಾಡಿಕೊಂಡರು. ದನಿ ಇಳಿಸಿ, "ಬೇಡ ಕಣ್ರೀ. ಈಗ ಕೇಳಿದ್ರೆ, ಸಾಯೋಳು ಕೇಳ್ತಿದಾಳೆ ಅಂತ ಸಿಹಿ ಮಾಡಿ ಹೇಳ್ತಾಳೆ. ಅದು ಉತ್ತರ ಅಲ್ಲ," ಅಂದರು.

"ಉತ್ತರ ಅಲ್ಲದಿದ್ರೂ ಸಮಾಧಾನ ಆಗಬಹುದಲ್ಲ ಮೇಡಂ."

"ಸಮಾಧಾನದ ಬಗ್ಗೆ ನನಗೇನೂ ಗೊತ್ತಿಲ್ಲ," ಎಂದು ನಕ್ಕರು. ನಗು ಕೆಮ್ಮಿಗೆ ತಿರುಗಿತು. ಒಳಗಿನಿಂದ ತಾಯಿ, "ಮಾತಾಡಿಸ್ಬೇಡಪ್ಪ ಅವಳ್ನ," ಎಂದರು.

ಅಲ್ಲಿಂದ ಕೆಲವು ವಾರಕ್ಕೆ ನಾನು ಆ ಸಾಲುಗಳನ್ನು ಬರೆದೆ.

ಅವರ ಮನೆಯಲ್ಲಿ ತಿಥಿ ಇಲ್ಲ. ಕಾಲೇಜಿನವರು, ವಿದ್ಯಾರ್ಥಿಗಳು, ಊರಿನವರು ಸೇರಿ ಹಳ್ಳಿಮನೆಯ ಅಂಗಳದಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಬುದ್ಧನ ಪಟದ ಕೆಳಗೆ ಮೇಡಂ ಫೋಟೊ, ಮೇಣದ ಬತ್ತಿಗಳು, ಪಕ್ಕದಲ್ಲಿ ಅವರ ಪುಸ್ತಕದ ಪ್ರತಿ. ಮಾತಾಡಿದವರೆಲ್ಲ ಅವರ ಹೆಸರನ್ನು ಮೈಕಿನಲ್ಲಿ ಹೇಳಿದರು. ಬಹುವಚನದಲ್ಲಿ, ಗೌರವದಿಂದ, ಮತ್ತೆ ಮತ್ತೆ. ತಾಯಿ ಒಳಕೋಣೆಗೆ ಎದ್ದುಹೋದದ್ದನ್ನು ನಾನು ನೋಡಿದೆ. ಬಿಸಿಲಿಗೆ ಆಗಲಿಲ್ಲವೇನೋ ಎಂದುಕೊಂಡೆ.

ಜನ ಕರಗಿದ ಮೇಲೆ ತಾಯಿ ನನ್ನನ್ನು ಒಳಗೆ ಕರೆದರು. ಪುಸ್ತಕ ಅವರ ತೊಡೆಯ ಮೇಲಿತ್ತು. ಅವರಿಗೆ ಓದಲು ಬರುವುದಿಲ್ಲ. ಮಗ ಶಾಮಿಯಾನದವರ ಹತ್ತಿರ ಮಾತಾಡುತ್ತ ಹೊರಗಿದ್ದ.

"ಇದ್ರಲ್ಲಿ ನಮ್ಮನೆ ವಿಷ್ಯ ಬರ್ದವ್ಳಾ?"

"ಬರ್ದಿದಾರಮ್ಮ. ಕೊನೇಲಿ ಸ್ವಲ್ಪ."

"ಓದು."

ಓದಿದೆ. ಹೆಸರಿಲ್ಲದ ಒಬ್ಬ ಹೆಂಗಸಿನ ವಿಷಯ ಎಂದು ಶುರುವಾಗುತ್ತದೆ. ತೀರಿಹೋದ ಅಕ್ಕನ ಹೆಸರನ್ನು ತಂಗಿಗೆ ಇಟ್ಟರು. ತಂದೆ ಆ ಹೆಸರಿನಿಂದ ಕರೆದರು, ತಾಯಿ ಕರೆಯಲಿಲ್ಲ. ಕೊನೆಯ ಎರಡು ಸಾಲು ಹೀಗಿವೆ: ಕಾರಣ ತಿಳಿದಿಲ್ಲ. ತಾಯಿಯನ್ನು ಕೇಳಿಲ್ಲ.

ತಾಯಿ ತಮ್ಮಷ್ಟಕ್ಕೆ ಹೇಳತೊಡಗಿದರು. ಕನ್ನಡದಲ್ಲೇ ಶುರುವಾಯಿತು.

"ದೊಡ್ಡೋಳು ಹೋಗೋ ದಿನ ಜ್ವರದಲ್ಲಿ ಕಣ್ಣು ಮುಚ್ಕೊಂಡಿದ್ಲು. ನಾನು ಹೆಸ್ರಿಡ್ದು ಕೂಗ್ದೆ. ಕೂಗ್ದೆ, ಕೂಗ್ದೆ. ಗಂಟ್ಲು ಬಿದ್ದೋಯ್ತು. ತಿರುಗಿ ನೋಡ್ಲಿಲ್ಲ. ಇವಳು ಹುಟ್ದಾಗ ನಮ್ಮೆಜಮಾನ್ರು ಅದೇ ಹೆಸ್ರಿಡ್ತೀನಿ ಅಂದ್ರು. ಬ್ಯಾಡ ಅಂದೆ. ಕೇಳ್ಲಿಲ್ಲ. ಮೂಢನಂಬಿಕೆ ಅಂದ್ರು. ಇಟ್ಕೊಳ್ಳಿ, ನಾನು ಮಾತ್ರ ಕರ್ಯಲ್ಲ ಅಂದೆ. ಕರ್ದು ಕರ್ದು ತಿರುಗಿ ನೋಡ್ದಿರೋ ಹೆಸ್ರಪ್ಪ ಅದು. ಮತ್ತೆ ಅದೇ ಹೆಸ್ರಿಡ್ದು ಕೂಗ್ಬೇಕಾ ನಾನು? ಇವಳೂ ತಿರುಗ್ದೆ ಹೋದ್ರೆ?"

ತೆರೆದ ಪುಸ್ತಕವನ್ನು ನಾನು ಅವರ ತೊಡೆಯ ಮೇಲೆ ಇಟ್ಟೆ.

"ಮೊನ್ನೆ ಆಸ್ಪತ್ರೇಲಿ ನರ್ಸಮ್ಮ ಹೇಳಿದ್ಲು, ಹೆಸ್ರಿಡ್ದು ಕರ್ಯಮ್ಮ, ಎಚ್ಚರ ಆಗ್ಬೋದು ಅಂತ. ಮಗ ಕರ್ದ, ಡಾಕ್ಟ್ರು ಕರ್ದ್ರು. ಅಲುಗಾಡ್ಲಿಲ್ಲ. ನಾನು ಕಿವಿ ಹತ್ರ ಹೋಗಿ ಪಾಪ, ನಾ ತಲ್ಲಿ, ನನ್ನ ತಾಯಿ ಅಂದೆ. ಕಣ್ ಬಿಟ್ಲು. ನೋಡಿದ್ಲು. ಆಮೇಲೇ ಹೋಗಿದ್ದು."

ಬುದ್ಧನ ಮನೆಯಲ್ಲಿ ಇಂಥ ಭಯ ಇಟ್ಟುಕೊಳ್ಳಬಾರದೆಂದು ಗಂಡ ಬೈಯುತ್ತಿದ್ದರು, ಅದಕ್ಕೇ ಯಾರಿಗೂ ಹೇಳಲಿಲ್ಲ ಎಂದರು. ಗಂಡ ಹೋದ ಮೇಲೆ ಹೇಳಬಹುದಿತ್ತು. ಆದರೆ ತಾವಾಗಿ ಎತ್ತುವ ಮಾತಲ್ಲ, ಯಾರಾದರೂ ಕೇಳಬೇಕು. ಆ ಹೆಸರನ್ನು ಇಲ್ಲಿ ಬರೆದರೆ ಈ ಪತ್ರಿಕೆಯನ್ನು ಆ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಈ ಬರಹದ ಮೊದಲಲ್ಲಿ ನಾನು ಬೇಡ ಎಂದದ್ದು ಅದಕ್ಕೆ.

ತಾಯಿ ಪುಸ್ತಕ ಮುಚ್ಚಿದರು. ಮುಚ್ಚಿದ ರಟ್ಟಿನ ಮೇಲೆ ಆ ನುಣುಪು ಬೆರಳುಗಳನ್ನು ಇಟ್ಟುಕೊಂಡೇ ಕೇಳಿದರು: "ಕೇಳಿಲ್ಲ ಅಂತ ಬರ್ದವ್ಳಲ್ಲ. ಯಾಕೆ ಕೇಳ್ಲಿಲ್ಲ?"

ಮನೆಯವರನ್ನು ಕೇಳಬಾರದೆಂದು ಒಂದು ನಿಯಮ ಇಟ್ಟುಕೊಂಡಿದ್ದರು, ಓದಿದವರಲ್ಲಿ ಹಾಗೊಂದು ಕಟ್ಟುನಿಟ್ಟು ಇರುತ್ತದೆ, ನಿವೃತ್ತಿಯಾದ ಮೇಲೆ ನಿಮ್ಮ ಪಕ್ಕದಲ್ಲಿ ಕೂತು ಕೇಳಬೇಕೆಂದಿದ್ದರು ಎಂದು ನನಗೆ ತಿಳಿದಷ್ಟು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಅರ್ಥವಾಗಲಿಲ್ಲ ಎಂದು ನನಗೆ ಅನ್ನಿಸಲಿಲ್ಲ.

"ತೊಂಡೇಬಾವಿಗೆ ಹೋದ್ಲು, ಚಿಂತಾಮಣಿ ಕಡೆ ಹಳ್ಳಿಯೆಲ್ಲ ಸುತ್ತಿದ್ಲು," ಅಂದರು. "ಪ್ರತಿ ಶನಿವಾರ ಬಂದು ನನ್ನ ಪಕ್ಕದಲ್ಲೇ ಮಲಗ್ತಿದ್ಲು. ಇಲ್ಲೇ ಇದ್ನಲ್ಲಪ್ಪ ನಾನು."